ಮುಯ್ಯಾಳು ಹೋದ ನರ್ಸಬಾಯಿಗಳು

ನನ್ನ ತಂಗಿಯ ಮಗಳು ಸವಿತಾ ಗಂಗಾವತಿಯ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. ಮೊನ್ನೆ ಭಾನುವಾರ ಕುಷ್ಟಗಿಗೆ ನನ್ನ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಚೀಲದಿಂದ ಪಿಂಗಾಣಿಯ ಒಂದು ದೊಡ್ಡ ಲೋಟ ತೆಗೆದು ನನ್ನ ಕೈಗಿಟ್ಟಳು. ಆಫೀಸಿನಲ್ಲಿ ಎಲ್ಲರಿಗೂ ಹಂಚಿದ್ದಂತೆ. ಲೋಟದ ಮೇಲೆ ಬಂಗಾರದ ಬಣ್ಣದಲ್ಲಿ ‘ಒಂದೇ ತಂಡ, ಒಂದೇ ಗುರಿ’ ಎಂದು ಬರೆದಿತ್ತು.

“ಇದೇನಬೇ?” ಎಂದೆ.

“ಎಲ್ಲಾರಿಗೂ ಬರ್ನೌಟ್ ಆಗೇತಿ ಅಂತ ಟ್ರೇನಿಂಗ್ ಇಟ್ಟಿದ್ರು ದೊಡ್ಡವ್ವ. ಅದರಾಗ ಕೊಟ್ರು.”

“ಏನ್ ಸುಟ್ಟಿತು? ಮೋಟರಾ?”

ನಗಬೇಡಿ. ನಮ್ಮ ಕಡೆ ಬೇಸಿಗೆಯಲ್ಲಿ ವಾರಕ್ಕೊಂದು ಬೋರಿನ ಮೋಟರು ಸುಡುತ್ತದೆ. ಮನುಷ್ಯರೂ ಸುಡುತ್ತಾರೆ, ಅದಕ್ಕೊಂದು ಇಂಗ್ಲಿಷ್ ಹೆಸರಿದೆ, ಅದಕ್ಕೆ ಟ್ರೇನಿಂಗೂ ಇದೆ ಎಂದು ನನಗೆ ಯಾರು ಹೇಳಬೇಕು? ಸವಿತಾ ನಕ್ಕಳು. ಆದರೆ ಆ ನಗು ಬಾಯಲ್ಲಷ್ಟೇ ಇತ್ತು, ಕಣ್ಣಿಗೆ ಹತ್ತಲಿಲ್ಲ. ಕಣ್ಣ ಕೆಳಗೆ ಮಸಿ ಬಳಿದ ಹಾಗೆ ಕಪ್ಪಾಗಿತ್ತು.

“ಟ್ರೇನಿಂಗಿನಾಗ ಏನ್ ಹೇಳಿದ್ರು?”

“ಎಲ್ಲಾರೂ ಒಂದ ಗುರಿ ಇಟಗೊಂಡು ಕೂಡಿ ಕೆಲಸ ಮಾಡಿದ್ರ ಯಾರಿಗೂ ಸುಸ್ತ ಆಗಂಗಿಲ್ಲ ಅಂದ್ರು.”

“ಖರೇ ಐತಲ್ಲ! ಭಾಳ ಛಲೋ ಹೇಳ್ಯಾರ. ಆಮ್ಯಾಲೆ?”

“ಆಮ್ಯಾಲೇನು? ಒಬ್ಬೊಬ್ಬರಿಗೂ ಬ್ಯಾರೆ ಬ್ಯಾರೆ ಟಾರ್ಗೆಟ್ ಕೊಟ್ಟು ಕಳಿಸಿದ್ರು.”

ಇಷ್ಟು ಹೇಳಿ ಹುಡುಗಿ ಚಾಪೆಯ ಮೇಲೆ ಅಡ್ಡಾದಳು. ಊಟಕ್ಕೆ ಎಬ್ಬಿಸಿದರೆ ಏಳಲಿಲ್ಲ. ನಾನು ಅಡುಗೆಮನೆಯಲ್ಲಿ ಒಬ್ಬಳೇ ರೊಟ್ಟಿ ಬಡಿಯುತ್ತ, ಕಾಣದ ಆ ಟ್ರೇನಿಂಗಿನವರಿಗೆ ಬಾಯಿಗೆ ಬಂದದ್ದೆಲ್ಲ ಬೈದೆ. ಆ ದಿನ ರೊಟ್ಟಿಗಳು ಬಹಳ ತೆಳ್ಳಗೆ ಬಂದವು. ಸಿಟ್ಟು ಬಂದಾಗ ನನ್ನ ರೊಟ್ಟಿ ಚೆನ್ನಾಗಿ ಬರುತ್ತವೆ ಎಂದು ನಮ್ಮ ಮನೆಯವರು ಹೇಳುವುದುಂಟು. ಬೇಕೆಂದೇ ಕೆಣಕುವುದೂ ಉಂಟು.

ನನ್ನ ಬಗ್ಗೆ ಒಂದೆರಡು ಮಾತು ಹೇಳಿಬಿಡುತ್ತೇನೆ. ನಾನು ಸರಕಾರಿ ನರ್ಸು. ದೊಡ್ಡ ದವಾಖಾನೆಯ ಬಿಳಿ ಟೊಪ್ಪಿಗೆಯ ನರ್ಸಲ್ಲ, ಹಳ್ಳಿಹಳ್ಳಿ ತಿರುಗಿ ಬಸುರಿ ಬಾಣಂತಿ ಕೂಸುಗಳನ್ನು ನೋಡುವವಳು. ಜನ ನಮ್ಮನ್ನು ನರ್ಸಬಾಯಿ ಎನ್ನುತ್ತಾರೆ. ಅದರಲ್ಲೂ ನನಗೆ ‘ಲೌಡಸ್ಪೀಕರ್ ನರ್ಸಬಾಯಿ’ ಎಂದು ಹೆಸರು. ನಾನು ಊರ ಅಗಸಿಯಲ್ಲಿ ನಿಂತು ಕೂಗಿದರೆ ಹಿಂದಿನ ಓಣಿಯ ಕೂಸುಗಳು ಚುಚ್ಚುವ ಮೊದಲೇ ಅಳಲು ಶುರು ಮಾಡುತ್ತಿದ್ದವು. ಈಗ ನಿವೃತ್ತಳಾಗಿದ್ದೇನೆ. ದನಿ ಆಗಿಲ್ಲ.

ಸವಿತಾಳ ಮುಖ ನೋಡಿ ನನಗೆ ನೆನಪಾದದ್ದು ಶಾಂತಕ್ಕನ ಮುಖ. ಆದರೆ ಶಾಂತಕ್ಕನ ಬಳಿ ಹೋಗುವ ಮೊದಲು ನಮ್ಮವ್ವನ ಹೊಲಕ್ಕೆ ಹೋಗಬೇಕು. ದಾರಿ ಸುತ್ತಾಯಿತು ಅನಿಸಿದರೆ ಅನಿಸಲಿ.

ನಾನು ಹುಟ್ಟಿದ್ದು ಇರಕಲ್ಲಗಡದ ಕಡೆಯ ಒಂದು ಹಳ್ಳಿಯಲ್ಲಿ. ನಮ್ಮ ಓಣಿಯ ಹೆಂಗಸರು ಕೂಲಿಯವರನ್ನು ಕರೆದದ್ದನ್ನು ನಾನು ಕಂಡಿಲ್ಲ. ಎಲ್ಲ ಮುಯ್ಯಾಳು. ಇವತ್ತು ನೀನು ನನ್ನ ಹೊಲದ ಕಳೆ ತೆಗೆಯಲು ಬಾ, ನಾಳೆ ನಾನು ನಿನ್ನ ಹೊಲಕ್ಕೆ ಬರುತ್ತೇನೆ. ಕೂಲಿ ಇಲ್ಲ, ಊಟ ಉಂಟು. ಬಂದವರಿಗೆಲ್ಲ ಹೋಗಿ ಮುಟ್ಟಿಸುವವರೆಗೆ ಆ ಋಣ, ಅಂದರೆ ಮುಯ್ಯ, ತಲೆಯ ಮೇಲೆಯೇ ಇರುತ್ತಿತ್ತು. ಒಮ್ಮೆ ಅವ್ವನಿಗೆ ಜ್ವರ ಬಂದಿತ್ತು. ಅವಳ ಬದಲು ನನ್ನನ್ನು ಕಳಿಸಿದಳು. ಆ ಹೊಲದ ಒಡತಿ ನನ್ನನ್ನು ಮೇಲಿಂದ ಕೆಳಗೆ ನೋಡಿ, “ನಿಮ್ಮವ್ವ ಬಂದಿದ್ರ ಒಂದ ಆಳು ಬಂದಂಗ ಆಗತಿತ್ತು. ನೀ ಬಂದ್ರ ಒಂದ ಬಾಯಿ ಬಂದಂಗ ಆತು” ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ಎಲ್ಲಿಲ್ಲದ ರೋಷ ಬಂತು. ಎಲ್ಲರಿಗಿಂತ ಮುಂದೆ ಸಾಲು ಮುಗಿಸಿ ತೋರಿಸುತ್ತೇನೆಂದು ಹೊರಟವಳು ಕಳೆಯ ಜೊತೆ ಸಜ್ಜೆಯ ಸಸಿಯನ್ನೂ ಬಾಚಿ ಕಿತ್ತೆ. ಜ್ವರ ಬಿಟ್ಟ ಮೇಲೆ ಅವ್ವ ಆ ಹೊಲಕ್ಕೆ ಎರಡು ಸಲ ಹೋಗಿ ಬಂದಳು. ಒಂದು ಅವಳ ಮುಯ್ಯ, ಒಂದು ನನ್ನ ರೋಷದ್ದು.

ಆದರೆ ಆ ದಿನ ನಾನು ಒಂದನ್ನು ನೋಡಿದೆ. ಸಾಲು ಮೊದಲು ಮುಗಿಸಿದವಳು ಬದುವಿನ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿರಲಿಲ್ಲ. ಹಿಂದೆ ಬಿದ್ದವಳ ಸಾಲಿನ ಆ ತುದಿಗೆ ಹೋಗಿ, ಅಲ್ಲಿಂದ ಎದುರು ಕಳೆ ತೆಗೆಯುತ್ತ ಬರುತ್ತಿದ್ದಳು. ನಡು ಹೊಲದಲ್ಲಿ ಇಬ್ಬರ ಕೈಯೂ ಕೂಡುತ್ತಿದ್ದವು. ಅದನ್ನು ಯಾರೂ ಉಪಕಾರ ಎಂದುಕೊಳ್ಳುತ್ತಿರಲಿಲ್ಲ, ಹಿಂದೆ ಬಿದ್ದವಳಿಗೆ ನಾಚಿಕೆಯೂ ಆಗುತ್ತಿರಲಿಲ್ಲ. ಹೊಲ ಮುಗಿಯಬೇಕು, ಅಷ್ಟೇ. ಯಾರ ಸಾಲು ಯಾರು ಮುಗಿಸಿದರು ಎಂದು ಸಂಜೆ ಕೇಳಿದರೆ ಅವರಿಗೇ ಗೊತ್ತಿರುತ್ತಿರಲಿಲ್ಲ.

ಈಗ ಶಾಂತಕ್ಕ. ರಾಯಚೂರಿನಿಂದ ಒಡೆದು ಕೊಪ್ಪಳ ಜಿಲ್ಲೆಯಾದ ಹೊಸತು. ನಾವು ಐದಾರು ಮಂದಿ ನರ್ಸಬಾಯಿಗಳು ಒಂದೇ ಆರೋಗ್ಯ ಕೇಂದ್ರದ ಕೆಳಗಿದ್ದೆವು. ಊರಿನ ಹೆಸರು ಹೇಳುವುದಿಲ್ಲ, ಬದುಕಿರುವವರು ಬೇಜಾರಾಗುತ್ತಾರೆ. ಒಬ್ಬೊಬ್ಬರಿಗೂ ಕೆಲವು ಹಳ್ಳಿ, ಅದಕ್ಕೆ ‘ಏರಿಯಾ’ ಎಂದು ಹೆಸರು. ನಮ್ಮಲ್ಲಿ ಹಿರಿಯಳು ಶಾಂತಕ್ಕ. ಎಂಥ ಹಟಮಾರಿ ಹೆರಿಗೆಯೂ ಅವಳ ಕೈಗೆ ಬಂದರೆ ಸಲೀಸು ಎಂದು ಜನ ನಂಬಿದ್ದರು. ಗಂಡ ತೀರಿಹೋಗಿದ್ದ. ಮನೆಯಲ್ಲಿ ದುಡಿಯುವ ಕೈ ಅವಳದೊಂದೇ.

ಅವಳ ಏರಿಯಾ ಎಲ್ಲರದಕ್ಕಿಂತ ದೊಡ್ಡದು. ಅದರಲ್ಲಿ ಕಲ್ಲಿನ ಕ್ವಾರಿಗಳೂ ಇದ್ದವು. ಎಲ್ಲಿಂದಲೋ ಬಂದ ಸಂಸಾರಗಳು ಅಲ್ಲಿ ತಗಡಿನ ಶೆಡ್ಡುಗಳಲ್ಲಿ ಇರುತ್ತಿದ್ದವು. ಈ ತಿಂಗಳು ಇದ್ದವರು ಮುಂದಿನ ತಿಂಗಳು ಇಲ್ಲ. ಶಾಂತಕ್ಕ ಲಸಿಕೆ ಹಾಕಲು ಹುಡುಕಿಕೊಂಡು ಹೋಗುವಷ್ಟರಲ್ಲಿ ಶೆಡ್ಡಿನಲ್ಲಿ ಬೇರೆ ಕೂಸು ಅಳುತ್ತಿರುತ್ತಿತ್ತು. ಆ ವರ್ಷ ಅಲ್ಲಿ ದಡಾರ ಬಂತು. ಮೈತುಂಬ ಕೆಂಪಗೆ ಎದ್ದು ಕೂಸುಗಳು ಜ್ವರದಲ್ಲಿ ಬೇಯತೊಡಗಿದವು. ಒಂದು ಕೂಸು ಹೋಯಿತು.

ತಿಂಗಳ ಮೀಟಿಂಗಿನಲ್ಲಿ ಸಾಹೇಬರು ಎಲ್ಲರೆದುರು ಅವಳನ್ನು ನಿಲ್ಲಿಸಿದರು. ಅವರು ಬೆಂಗಳೂರು ಕಡೆಯ ಎಳೆಯ ಡಾಕ್ಟರು. ಕೆಟ್ಟವರಲ್ಲ, ಆದರೆ ಮೇಲಿನವರು ತಮಗೆ ಬೈದದ್ದನ್ನು ಸೋರದಂತೆ ಹಾಗೆಯೇ ತಂದು ನಮ್ಮ ಮೇಲೆ ಸುರಿಯುತ್ತಿದ್ದರು. “ನಿಮ್ಮ ಏರಿಯಾ, ನಿಮ್ಮ ಜವಾಬ್ದಾರಿ. ಬೇರೆಯವರ ಏರಿಯಾದಲ್ಲಿ ಯಾಕೆ ಹೀಗಾಗಿಲ್ಲ?” ಎಂದರು. ಶಾಂತಕ್ಕ ಕಿನ್ನಾಳದ ಬೊಂಬೆಯ ಹಾಗೆ ರೆಪ್ಪೆ ಮಿಟುಕಿಸದೆ ನಿಂತಿದ್ದಳು. ಪಕ್ಕದಲ್ಲಿ ಕೂತ ನಾನು ಮನಸ್ಸಿನಲ್ಲೇ ಕೂಗಿದೆ: ನಮ್ಮ ಏರಿಯಾದಲ್ಲಿ ಕ್ವಾರಿ ಇಲ್ಲ ಸ್ವಾಮಿ, ಅದಕ್ಕೇ ಆಗಿಲ್ಲ!

ಅಂದಿನಿಂದ ಶಾಂತಕ್ಕ ಮಾತು ಬಿಟ್ಟಳು. ಊಟದ ಡಬ್ಬಿ ಬಿಚ್ಚಿ, ನೋಡಿ, ಮತ್ತೆ ಮುಚ್ಚುತ್ತಿದ್ದಳು. ಇಂಥವರಿಗೆಂದೇ ಏನೋ, ಕೊಪ್ಪಳದಲ್ಲಿ ನಮಗೂ ಒಂದು ತರಬೇತಿ ಆಯಿತು. ಬಂದವರೊಬ್ಬರು, ಕಣ್ಣು ಮುಚ್ಚಿ, ಹರಿಯುವ ನದಿಯನ್ನು ನೆನೆಯಿರಿ, ಮನಸ್ಸು ಹಗುರಾಗುತ್ತದೆ ಎಂದರು. ಹೊರಗೆ ಉರಿಬಿಸಿಲು, ಒಳಗೆ ಫ್ಯಾನಿಗೆ ಕರೆಂಟಿಲ್ಲ. ನನಗೆ ನದಿ ಕಾಣುವ ಮೊದಲೇ ನಿದ್ದೆ ಹತ್ತಿತು. ಗೊರಕೆ ಹೊಡೆದೆನಂತೆ. ನನ್ನ ದನಿಯ ಬಗ್ಗೆ ಹೇಳಿದ್ದೇನಲ್ಲ, ಗೊರಕೆಯೂ ಅದೇ ಗಂಟಲಿನಿಂದ ಬರುವಂಥದ್ದು. ಮುಂದಿನ ಅರ್ಧ ತಾಸು ಯಾರಿಗೂ ನದಿ ಕಾಣಲಿಲ್ಲವಂತೆ.

ತರಬೇತಿ ಮುಗಿಸಿ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಶಾಂತಕ್ಕ ಬಾಯಿ ಬಿಟ್ಟಳು.

“ಕಣ್ಣ ಮುಚ್ಚಿದ್ರ ನನಗ ಹೊಳಿ ಕಾಣಲಿಲ್ಲ ನೀಲಾ. ಕ್ವಾರಿ ಕೂಸ ಕಾಣತು. ಸಾಕಾತು ನನಗ. ಮುಂದಿನ ಮೀಟಿಂಗಿನಾಗ ನೌಕ್ರಿ ಬಿಡತೀನಿ ಅಂತ ಹೇಳಿಬಿಡತೀನಿ.”

“ಬಿಟ್ಟು ಏನ್ ಮಾಡ್ತಿ?”

“ಏನಾರ ಮಾಡ್ತೀನಿ. ಮೈಯಾಗ ಏನೂ ಉಳದಿಲ್ಲ. ಮುಂಜಾನಿ ಏಳೂದ ಬ್ಯಾಡ ಅನಸ್ತೈತಿ.”

ನೋಡಿ, ಇದೇ ಅದು. ಆಗ ನಮಗೆ ಅದಕ್ಕೆ ಹೆಸರು ಗೊತ್ತಿರಲಿಲ್ಲ. ನನಗೆ ಸಮಾಧಾನ ಹೇಳಲು ಬರುವುದಿಲ್ಲ, ಈಗಲೂ ಬರುವುದಿಲ್ಲ. ದುಃಖದಲ್ಲಿರುವವರ ಎದುರು ನಾನು ಜಗಳಕ್ಕೆ ನಿಂತವಳ ಹಾಗೆ ಮಾತಾಡುತ್ತೇನೆ.

“ಬಿಡುವಂತಿ ಬಿಡು. ಅದಕ್ಕ ಮೊದಲ ಮಂಗಳವಾರ ನಿನ್ನ ಕ್ವಾರಿಗೆ ನಾವೆಲ್ಲಾರೂ ಮುಯ್ಯಾಳ ಬರತೀವಿ” ಎಂದೆ.

“ಹುಚ್ಚಿ! ಅದೇನ್ ಹೊಲ ಏನು?”

“ಮತ್ತೇನು? ಮ್ಯಾಲಿನಿಂದ ಬಂದ ಹುಕುಂ ಏನು, ಒಂದೂ ಕೂಸ ಬಿಡಬಾರದು ಅಂತ ತಾನ? ನಿನ್ನ ಕೂಸು ನನ್ನ ಕೂಸು ಅಂತ ಅದರಾಗ ಎಲ್ಲೂ ಇಲ್ಲ.”

ನಮ್ಮ ಹುಸೇನಬಿ, ಅವಳೂ ನರ್ಸಬಾಯಿಯೇ, ಕಡಲೆ ತಿನ್ನುತ್ತ ನಿಂತಿದ್ದವಳು, “ಸಿರಿಂಜ ಕುದಿಸೂ ಸ್ಟೋವ್ ನಾ ತರತೀನಿ” ಎಂದಳು. ಅಲ್ಲಿಗೆ ಮಾತು ಮುಗಿಯಿತು.

ಮಂಗಳವಾರ ನಮ್ಮ ನಮ್ಮ ಊರುಗಳ ಉಪಕೇಂದ್ರಕ್ಕೆ ಬೀಗ ಹಾಕಿ, ಪಕ್ಕದ ಮನೆಯವರಿಗೆ ಎಲ್ಲಿಗೆ ಹೋಗುತ್ತೇವೆಂದು ಹೇಳಿ, ಒಂದು ಟೆಂಪೋ ಹತ್ತಿದೆವು. ಕ್ವಾರಿಯಲ್ಲಿ ಹುಸೇನಬಿ ಸ್ಟೋವ್ ಹಚ್ಚಿ ಕೂತಳು. ಇಬ್ಬರು ಶೆಡ್ಡು ಶೆಡ್ಡಿಗೆ ಹೋಗಿ ಕೂಸುಗಳನ್ನು ತಂದರು, ಒಬ್ಬಳು ಹಿಡಿದಳು, ಶಾಂತಕ್ಕ ಚುಚ್ಚಿದಳು. ನನಗೆ ಕೊಟ್ಟ ಕೆಲಸ ಕೂಗುವುದು. ಕ್ವಾರಿಯ ಮೇಸ್ತ್ರಿ ಓಡಿ ಬಂದ. ತಾಯಂದಿರೆಲ್ಲ ಕೆಲಸ ಬಿಟ್ಟು ಬಂದರೆ ಲೋಡು ತಡವಾಗುತ್ತದೆ, ಇನ್ನೊಂದು ದಿನ ಬರ್ರಿ ಎಂದ.

“ಕಲ್ಲ ಎಲ್ಲಿಗೂ ಹೋಗಂಗಿಲ್ಲೋ ಅಣ್ಣ, ಇಲ್ಲೇ ಬಿದ್ದಿರತೈತಿ. ಕೂಸ ಹೋಗ್ತಾವ. ಒಂದ ಹೋಗಿ ಆಗೇತಿ. ಇನ್ನೊಂದು ಹೋದ್ರ ನೀ ತಂದು ಕೊಡ್ತಿ ಏನು?”

ಅವನು ತಿರುಗಿ ಹೋದ. ಸ್ವಲ್ಪ ಹೊತ್ತಿಗೆ ತನ್ನ ಕೂಸನ್ನೇ ಎತ್ತಿಕೊಂಡು ಬಂದ.

ಮಧ್ಯಾಹ್ನ ಬೇವಿನ ನೆರಳಿನಲ್ಲಿ ಕೂತೆವು. ಮುಯ್ಯಾಳು ಬಂದವರಿಗೆ ಊಟ ಹಾಕಬೇಕಲ್ಲ, ಶಾಂತಕ್ಕ ಬೆಳಗ್ಗೆ ಎದ್ದು ಎಲ್ಲರಿಗೂ ರೊಟ್ಟಿ, ಪುಂಡಿಪಲ್ಯ ಮಾಡಿ ತಂದಿದ್ದಳು. ಏಳುವುದೇ ಬೇಡ ಅನ್ನುತ್ತಿದ್ದವಳು! ಬಡಿಸಿ, ತಾನೂ ಉಂಡಳು. ಉಣ್ಣುತ್ತ ಉಣ್ಣುತ್ತ, ಮೇಸ್ತ್ರಿಯ ಜೊತೆ ನಾನು ಜಗಳವಾಡಿದ್ದನ್ನು ಆಡಿ ತೋರಿಸಿದಳು. ಹುಸೇನಬಿಗೆ ನಕ್ಕು ನಕ್ಕು ನೆತ್ತಿಗೆ ಹತ್ತಿತು. ನಾನು ಮೇಲೆ ಮೇಲೆ ಸಿಟ್ಟು ಮಾಡಿದೆ. ಒಳಗೆ ನನಗೆ ಎಷ್ಟು ಸಂತೋಷವಾಗಿತ್ತೆಂದರೆ, ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಅದೇ ದಿನ ಸಾಹೇಬರು ಹೇಳದೆ ಕೇಳದೆ ತಪಾಸಣೆಗೆ ಹೊರಟಿದ್ದರು. ನನ್ನ ಊರಿಗೆ ಬಂದರೆ ಬೀಗ. ಕಟ್ಟೆಯ ಮೇಲೆ ಕೂತಿದ್ದ ಮುದುಕರನ್ನು ಕೇಳಿದ್ದಾರೆ. “ನರ್ಸಬಾಯಿ ಮುಯ್ಯಾಳ ಹೋಗ್ಯಾಳ್ರಿ, ಶಾಂತವ್ವನ ಕಡೆ” ಎಂದಿದ್ದಾರೆ ಅವರು. ಹುಸೇನಬಿಯ ಊರಿಗೆ ಹೋದರೆ ಅಲ್ಲೂ ಬೀಗ, ಅಲ್ಲೂ ಅದೇ ಮಾತು. “ಎಲ್ಲಾರೂ ಕೂಡಿ ಹೋಗ್ಯಾರ್ರಿ, ಮುಯ್ಯಕ್ಕ.” ಈ ಮಾತು ಸಾಹೇಬರ ಕಿವಿಯಲ್ಲಿ ಏನಾಯಿತು ಎಂಬುದು ನಮಗೆ ಮುಂದಿನ ಮೀಟಿಂಗಿನವರೆಗೆ ಗೊತ್ತಾಗಲಿಲ್ಲ.

ಆ ಮೀಟಿಂಗಿಗೆ ಶಾಂತಕ್ಕ ಗಂಜಿ ಹಾಕಿದ ಸೀರೆ ಉಟ್ಟು ಬಂದಿದ್ದಳು. ನೌಕರಿ ಬಿಡುವ ಮಾತಿಗೇ ಹೀಗೆ ಉಟ್ಟು ಬಂದಳೇನೋ ಅನಿಸಿತು. ಕ್ವಾರಿಯ ಆ ದಿನದ ಮೇಲೆ ಅವಳು ನೌಕರಿಯ ವಿಷಯ ಎತ್ತಿರಲಿಲ್ಲ, ನಾನೂ ಕೇಳಿರಲಿಲ್ಲ. ಒಂದು ದಿನ ಉಂಡು ನಕ್ಕ ಮಾತ್ರಕ್ಕೆ ಸುಟ್ಟದ್ದು ಸರಿಹೋಗುತ್ತದೆ ಎಂದು ನಂಬುವಷ್ಟು ಹುಚ್ಚಿಯಲ್ಲ ನಾನು.

ಸಾಹೇಬರು ಬಂದವರೇ ಸೀದಾ ನನ್ನ ಕಡೆ ತಿರುಗಿದರು.

“ನೀಲಮ್ಮ, ಎದ್ದು ನಿಲ್ಲಿ. ಮಂಗಳವಾರ ಎಲ್ಲಿಗೆ ಹೋಗಿದ್ರಿ?”

“ಶಾಂತಕ್ಕನ ಏರಿಯಾಕ್ಕರಿ. ಮುಯ್ಯಾಳ ಹೋಗಿದ್ವಿ.”

“ಅದನ್ನ ನನ್ನ ಮುಂದೆನೇ ಹೇಳ್ತೀರಲ್ಲ, ನಾಚಿಕೆ ಆಗಲ್ವಾ? ಮೊದಲೇ ನೊಂದಿರೋ ಹೆಣ್ಣುಮಗಳು. ನೀವಿಷ್ಟೂ ಜನ ಗುಂಪು ಕಟ್ಕೊಂಡು ಹೋಗ್ತೀರಾ ಅವರ ಮೇಲೆ? ಅಷ್ಟೊಂದು ದ್ವೇಷ ಏನ್ರೀ ನಿಮಗೆ?”

ನಾವು ಮುಖ ಮುಖ ನೋಡಿಕೊಂಡೆವು. “ದ್ವೇಷ ಎಲ್ಲಿದರಿ? ಮುಯ್ಯ ಮಾಡೂದು ತಪ್ಪೇನ್ರಿ? ನಮ್ಮ ಕಡೆ ಎಲ್ಲಾರೂ ಮಾಡ್ತಾರ” ಎಂದೆ.

“ಎಲ್ಲಾರೂ ಮಾಡ್ತಾರೆ!” ಸಾಹೇಬರು ಮೇಜು ಗುದ್ದಿದರು. “ನಿಮ್ಮ ಕಡೆ ಏನಾದ್ರೂ ಮಾಡ್ಕೊಳ್ಳಿ, ನನ್ನ ಆಸ್ಪತ್ರೆಯಲ್ಲಿ ನಡೆಯಲ್ಲ. ತಪ್ಪಾಯ್ತು, ಇನ್ನು ಮುಂದೆ ಹೋಗಲ್ಲ ಅಂತ ಎಲ್ಲರೂ ಬರೆದುಕೊಡಿ.”

ಅಲ್ಲಿಗೆ ನನ್ನ ಲೌಡಸ್ಪೀಕರು ಹತ್ತಿಕೊಂಡಿತು. “ಬರಕೊಡಂಗಿಲ್ರಿ ಸಾಹೇಬ್ರ. ತಪ್ಪ ಮಾಡಿದ್ರ ಬರಕೊಡತಿದ್ದೆ. ಬೇಕಂದ್ರ ಮುಂದಿನ ತಿಂಗಳ ಮತ್ತ ಹೋಗತೀನಿ ಅಂತ ಬರಕೊಡತೀನಿ. ಎಲ್ಲಿ ಸಹಿ ಹಾಕ್ಲಿ ಹೇಳ್ರಿ.”

ಆಗ ಶಾಂತಕ್ಕ ಎದ್ದು ನಿಂತಳು.

“ಸರ, ನಾ ಇವತ್ತ ನೌಕ್ರಿ ಬಿಡತೀನಿ ಅಂತ ಹೇಳಾಕ ಬಂದಿದ್ದೆರಿ.”

“ನೋಡಿದ್ರಾ?” ಎಂದು ಸಾಹೇಬರು ನನ್ನತ್ತ ಬೆರಳು ತೋರಿಸಿದರು.

“ಮುಂಜಾನಿ ಸೀರಿ ಉಟಗೊಳ್ಳೂತನಾ ಅದ ಇತ್ತರಿ ತಲಿಯಾಗ,” ಶಾಂತಕ್ಕ ಮುಂದುವರಿಸಿದಳು. ಎಷ್ಟೋ ದಿನಗಳಿಂದ ಕೇಳದ ಅವಳ ಹಳೆಯ ದನಿ ಅದು. “ಈಗ ಬಿಡಾಕ ಬರಂಗಿಲ್ರಿ. ಇವರೆಲ್ಲಾರ ಮುಯ್ಯ ನನ್ನ ಮ್ಯಾಲೆ ಐತಿ. ಒಬ್ಬೊಬ್ಬರ ಊರಿಗೂ ಹೋಗಿ ತೀರಸ್ತೀನಿ. ತೀರಸದ ಬಿಡೂ ಪೈಕಿ ಅಲ್ಲರಿ ನಾನು.”

ಸಾಹೇಬರ ಮುಖ ಬಿಳಿಚಿತು. ಎದ್ದು ನಿಂತು ಎರಡೂ ಕೈ ಮುಂದೆ ಚಾಚಿದರು. “ಬೇಡಮ್ಮ, ಬೇಡ! ನೀವೂ ಹಾಗೆ ಮಾಡಿದ್ರೆ ಹೇಗೆ? ದೊಡ್ಡವರು ನೀವು! ಒಬ್ಬೊಬ್ಬರ ಊರಿಗೂ ಹೋಗಿ ಸೇಡು ತೀರಿಸ್ಕೊಂಡ್ರೆ ಪೊಲೀಸ್ ಕೇಸ್ ಆಗುತ್ತೆ!”

ಸೇಡು! ನಮಗೆ ಆಗ ತಿಳಿಯಿತು. ಅವರ ಕಡೆ ಮುಯ್ಯಿ ಎಂದರೆ ಸೇಡು. ಇಷ್ಟು ಹೊತ್ತು ಆ ಮನುಷ್ಯ ನಾವು ಗುಂಪು ಕಟ್ಟಿಕೊಂಡು ಶಾಂತಕ್ಕನಿಗೆ ಹೊಡೆಯಲು ಹೋಗಿದ್ದೆವು ಎಂದೇ ತಿಳಿದು ನಮ್ಮ ಜೊತೆ ಜಗಳವಾಡುತ್ತಿದ್ದರು. ಮೊದಲು ಹುಸೇನಬಿ ನಕ್ಕಳು, ಆಮೇಲೆ ಯಾರನ್ನೂ ಹಿಡಿಯಲಾಗಲಿಲ್ಲ. ಶಾಂತಕ್ಕ ನಗುತ್ತ ಕೂತಳು, ನಗುತ್ತಿದ್ದವಳೇ ಸೆರಗಿನಲ್ಲಿ ಮುಖ ಮುಚ್ಚಿ ಗಳಗಳನೆ ಅತ್ತಳು. ಕೂಸು ಹೋದ ದಿನದಿಂದ ಅವಳು ಅತ್ತಿರಲಿಲ್ಲ. ನಾನೂ ಅತ್ತೆ. ಯಾರು ಏನಾದರೂ ಅನ್ನಲಿ ಎಂದು ಜೋರಾಗಿಯೇ ಅತ್ತೆ.

ಸಾಹೇಬರಿಗೆ ಹೊಲ, ಕಳೆ, ಎದುರು ಸಾಲು ಎಲ್ಲ ಬಿಡಿಸಿ ಹೇಳಿದ್ದಾಯಿತು. ಅವರು ತಲೆ ಕೆರೆದುಕೊಂಡರು. “ಆದರೂ ಬೀಗ ಹಾಕಿದ್ದು ತಪ್ಪೇ” ಎಂದರು. ನನಗೊಂದು ಎಚ್ಚರಿಕೆಯ ನೋಟಿಸೂ ಕೊಟ್ಟರು. ಇಸಿದುಕೊಂಡೆ. ಮುಂದಿನ ತಿಂಗಳು ಹುಸೇನಬಿಯ ಏರಿಯಾದ ತಾಂಡಾಕ್ಕೆ ಮುಯ್ಯಾಳು ಹೋದೆವು. ಅದರ ಮುಂದಿನ ತಿಂಗಳು ನನ್ನ ಊರಿಗೆ ಬಂದರು. ಸಾಹೇಬರು ವರ್ಗವಾಗಿ ಹೋಗುವ ತನಕ ಒಮ್ಮೊಮ್ಮೆ ನೋಟಿಸು ಬರುತ್ತಿತ್ತು, ನಾವು ಹೋಗುತ್ತಿದ್ದೆವು. ಅವರು ಹೋದ ಮೇಲೆ ಬಂದವರು ನೋಟಿಸು ಕೊಡುವುದನ್ನು ಬಿಟ್ಟರು, ನಾವು ಹೋಗುವುದನ್ನು ಬಿಡಲಿಲ್ಲ.

ಅದರ ನಂತರ ಶಾಂತಕ್ಕನಿಗೆ ಸುಸ್ತು ಆಗಲೇ ಇಲ್ಲ ಎಂದರೆ ನಾನು ಸುಳ್ಳು ಹೇಳಿದಂತೆ. ಬಹಳ ಸಲ ಆಯಿತು. ನನಗೂ ಆಯಿತು. ಆದರೆ ಅವಳು ಒಂದು ಮುಯ್ಯ ಮುಟ್ಟಿಸಿ, “ಇನ್ನ ನನ್ನ ಮ್ಯಾಲೆ ಯಾರದೂ ಇಲ್ಲ” ಎಂದು ಕೈ ಕೊಡವುವ ಹೊತ್ತಿಗೆ ನಮ್ಮಲ್ಲಿ ಯಾರಾದರೊಬ್ಬರು, ಕರೆಯದಿದ್ದರೂ, ಅವಳ ಕ್ವಾರಿಗೆ ಹೋಗಿ ನಿಂತಿರುತ್ತಿದ್ದೆವು. ಬೇಡವೆಂದು ಬೈಯುತ್ತಿದ್ದಳು. ಬೈಸಿಕೊಂಡೇ ಕೂಸು ಹಿಡಿಯುತ್ತಿದ್ದೆವು. ಹೀಗೆ ವರ್ಷಗಳು ಉರುಳಿ, ಅವಳು ಪೂರ್ತಿ ನೌಕರಿ ಮುಗಿಸಿ, ಗೌರವದಿಂದ ನಿವೃತ್ತಳಾದಳು.

ಬೀಳ್ಕೊಡುಗೆಯ ದಿನ ಕೊರಳಲ್ಲಿ ಮಾಲೆ ಹಾಕಿಕೊಂಡು ಕೂತಿದ್ದ ಶಾಂತಕ್ಕ, ಯಾರೋ ಭಾಷಣ ಮಾಡುತ್ತಿರುವಾಗಲೇ, ನನ್ನ ತೋಳು ಹಿಡಿದು ಹತ್ತಿರ ಎಳೆದುಕೊಂಡಳು.

“ಈಗರ ಖರೇ ಹೇಳಲೇ ನೀಲಾ. ನನ್ನ ಮುಯ್ಯ ಒಮ್ಮೆಯೂ ಪೂರಾ ತೀರಸಗೊಡಲಿಲ್ಲ ನೀವು. ತೀರಿದ್ದರ ನಾ ಯಾವಾಗೋ ಹೋಗಿಬಿಡತಿದ್ದೆ.”

“ಅದಕ್ಕ ತೀರಸಗೊಡಲಿಲ್ಲ” ಎಂದೆ.